ಕಿವಿ ಮೇಸ್ತ್ರಿ ನೋಡದ ಮೀಟರು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಊರಿಗೆಲ್ಲ ಕಿವಿ ಮೇಸ್ತ್ರಿ. ಕೆಟ್ಟ ಪಂಪಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, "ಬೇರಿಂಗ್ ಹೋಗಿದೆ" ಅಂದರೆ ಮುಗಿಯಿತು. ಬಿಚ್ಚುವ ಮೊದಲೇ ಹೊಸ ಬೇರಿಂಗ್ ತರಲು ಹೋಗಬಹುದಿತ್ತು. ಮೀಟರ್ ನೋಡಿ ಕೆಲಸ ಮಾಡುವವರನ್ನು ಕಂಡರೆ ಅವರಿಗೆ ನಗು. ಅಕ್ಕನ ಮಾತು ಮಾತ್ರ ಆ ಕಿವಿಗೆ ಬೀಳುತ್ತಿರಲಿಲ್ಲ, ಅದು ಬೇರೆ ವಿಷಯ.

ನಮ್ಮ ಬೀದಿಯ ಮೇಲ್ತುದಿಯಲ್ಲಿ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಿತ್ತು. ಭಾವ ಇಪ್ಪತ್ತೆರಡು ವರ್ಷ ಅಲ್ಲೇ ದುಡಿದರು. ಭಾಗಗಳ ಜಿಡ್ಡು ತೆಗೆಯುವ ದ್ರವವನ್ನು ಸಂಜೆ ಹಿತ್ತಲ ಗುಂಡಿಗೆ ಸುರಿಯುವುದೂ ಅವರ ಪಾಲಿನ ಕೆಲಸ. ಸುರಿ ಅಂದರು, ಸುರಿದರು. ಕಾರ್ಖಾನೆ ಮುಚ್ಚಿತು, ಯಜಮಾನರು ಊರು ಬಿಟ್ಟರು, ಗುಂಡಿಯ ವಿಷ ಮಾತ್ರ ನೆಲದೊಳಗೇ ಹರಿದು ನಮ್ಮ ಬೀದಿಯ ಬಾವಿಗೆ ಬಂತು. ಎಂಟು ವರ್ಷದ ಹಿಂದೆ ಬಾವಿಗೆ ಕಬ್ಬಿಣದ ಮುಚ್ಚಳ ಹಾಕಿ ಬೀಗ ಜಡಿದರು. ಅಂದಿನಿಂದ ನಲವತ್ತು ಮನೆಗೂ ಟ್ಯಾಂಕರೇ ಗತಿ. ಆ ಟ್ಯಾಂಕರಿನ ಮುಂದೆ ಜಗಳ ಆಡಿ ಆಡಿಯೇ ನನ್ನ ಬಾಯಿ ಹೀಗಾಗಿದ್ದು. ಮೊದಲು ನಾನು ಸಾಧು.

ಎರಡು ವರ್ಷದ ಹಿಂದೆ ನೆಲದ ನೀರು ಶುದ್ಧ ಮಾಡಲು ಒಬ್ಬ ಇಂಜಿನಿಯರಮ್ಮ ಬಂದರು. ಭಾವ ತಾವಾಗಿಯೇ ಅವರ ಮುಂದೆ ಹೋಗಿ ನಿಂತು, "ಗುಂಡಿ ಇದ್ದದ್ದು ಇಲ್ಲಿ. ಸುರಿದವನು ನಾನೇ" ಅಂದರು. ಆಯಮ್ಮ ಬೈಯಲಿಲ್ಲ, ಕೆಲಸ ಕೊಟ್ಟರು.

ಕೆಲಸ ಹೀಗೆ. ಅಂಟುವಾಳಕಾಯಿ ಕುದಿಸಿ ಸೋಸಿದ ನೊರೆನೀರಿಗೆ ಕಬ್ಬಿಣದ ನ್ಯಾನೋ ಕಣ ಕಲಸಿ, ಗುಂಡಿಯಿದ್ದ ಜಾಗದಲ್ಲಿ ಕೊಳವೆಯಿಂದ ನೆಲದೊಳಕ್ಕೆ ತಳ್ಳಬೇಕು. ಒಂದು ತಲೆಗೂದಲ ದಪ್ಪದಲ್ಲಿ ಅಂಥ ಸಾವಿರ ಕಣ ಸಾಲಾಗಿ ನಿಲ್ಲುತ್ತವಂತೆ. ಅವು ಮುದ್ದೆಗಟ್ಟದಂತೆ ಕಾಯುವುದು ಅಂಟುವಾಳ. ಮಣ್ಣಿಗೆ ಅಂಟಿ ಕೂತ ವಿಷವನ್ನು ಎಬ್ಬಿಸುವುದೂ ಅದೇ. ಎದ್ದ ವಿಷವನ್ನು ಕಬ್ಬಿಣ ಮುರಿಯುತ್ತದೆ. ಮುರಿಯದೆ ಉಳಿದದ್ದನ್ನು ಇಳಿಜಾರಿನ ಇನ್ನೊಂದು ಬೋರಿನ ಪಂಪು ಎಳೆದು ತೊಟ್ಟಿಗೆ ಹಾಕಬೇಕು. ಆ ಪಂಪು ಎಳೆಯದೇ ಹೋದರೆ, ಎಬ್ಬಿಸಿದ್ದೆಲ್ಲ ನೇರ ನಮ್ಮ ಬಾವಿಗೆ.

ಬಾವಿಯ ನೀರು ಮೂರು ಸಲ ಪರೀಕ್ಷೆಯಲ್ಲಿ ಪಾಸಾದರೆ ಬೀಗ ತೆಗೆಯುತ್ತೇವೆ ಅಂದಿದ್ದರು. ಎರಡು ಪಾಸಾಗಿದ್ದವು. ಮೂರನೆಯದು ಶುಕ್ರವಾರ, ಶನಿವಾರ ಬೀಗ ತೆಗೆಯುವುದು. ಮೊದಲ ಕೊಡ ನನ್ನದೇ ಅಂತ ಬೀದಿಯೆಲ್ಲ ಒಪ್ಪಿತ್ತು. ಸೊಸೆ ಐದು ತಿಂಗಳ ಬಸುರಿ. ಇನ್ನು ಆ ಹುಡುಗಿ ಕೊಡ ಹೊತ್ತು ಟ್ಯಾಂಕರಿಗೆ ಓಡಬೇಕಿಲ್ಲ ಅಂತ ನನಗೆ ನೆಲದ ಮೇಲೆ ಕಾಲೇ ನಿಂತಿರಲಿಲ್ಲ.

ಬುಧವಾರ ಮಧ್ಯಾಹ್ನ ಭಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ತಪ್ಪಾಗಿದೆ. ನಿನ್ನೆ ಕೊಳವೆ ತೊಳೆದಾಗ ವಾಲ್ವ್ ತಿರುಗಿಸಿದ್ದೆ, ವಾಪಸ್ ತಿರುಗಿಸಿಲ್ಲ. ಇವತ್ತು ಬೆಳಿಗ್ಗೆ ಪಂಪು ಎಳೆದ ನೀರೆಲ್ಲ ತೊಟ್ಟಿಗೆ ಹೋಗದೆ ಅದೇ ಬೋರಿಗೆ ಸುತ್ತಿ ಬೀಳ್ತಿತ್ತು. ಮೇಲಿಂದ ನಾನು ನೊರೆನೀರು ತಳ್ತಾನೇ ಇದ್ದೆ. ಮೂರು ಗಂಟೆ!"

"ನಿಮಗೆ ಗೊತ್ತಾಗ್ಲಿಲ್ವಾ?"

"ಸದ್ದು ಸರಿಯಾಗೇ ಇತ್ತಲ್ಲ! ನೀರು ಓಡ್ತಿತ್ತು, ಪಂಪು ಎಂದಿನ ಹಾಗೆ ಹಾಡ್ತಿತ್ತು. ತೊಟ್ಟಿಗೆ ಹೋಗೋ ನೀರಿನ ಮೀಟರ್ ಸೊನ್ನೆ ತೋರಿಸ್ತಿತ್ತು, ನಾನು ನೋಡ್ಲಿಲ್ಲ. ಪುಸ್ತಕದಲ್ಲಿ ದಿನಾ ಬರೆಯೋ ಅಂಕಿನೇ ಬರೆದುಬಿಟ್ಟೆ."

"ಶುಕ್ರವಾರ ನಪಾಸಾಗುತ್ತಾ?"

"ಇಲ್ಲ, ಪಾಸಾಗುತ್ತೆ. ಅದೇ ಕಷ್ಟ. ಎದ್ದ ವಿಷ ಬಾವಿ ಮುಟ್ಟೋಕೆ ಹತ್ತು ಹನ್ನೆರಡು ದಿನ ಬೇಕು. ಅಷ್ಟರಲ್ಲಿ ಬೀಗ ತೆಗೆದಿರ್ತಾರೆ."

ಹೇಳಿಬಿಡುತ್ತೇನೆ. ಎಂಟು ವರ್ಷ ಬೀದಿಯ ಪರವಾಗಿ ಗಂಟಲು ಹರಿದುಕೊಂಡವಳು ನಾನು, ಆಗ ಆಡಿದ ಮಾತು ಇದು: "ಮೂರು ಗಂಟೆ ತಾನೇ? ಯಾರಿಗೂ ಗೊತ್ತಿಲ್ಲ ತಾನೇ? ಸುಮ್ನಿರಿ ಭಾವ. ನಿಮ್ಮ ಬಾಯಿಂದ ನಮ್ಮ ಬಾವಿ ಮುಚ್ಚಿಸಬೇಡಿ."

ಅವರು ಚಪ್ಪಲಿ ಮೆಟ್ಟಿ ಹೋದರು. ಹೋದದ್ದು ಮನೆಗಲ್ಲ, ಇಂಜಿನಿಯರಮ್ಮನ ಶೆಡ್ಡಿಗೆ.

ಆಗಿಂದಲೇ ಎಳೆಯುವ ಪಂಪನ್ನು ಹಗಲೂ ರಾತ್ರಿ ಓಡಿಸಿದರು. ಶುಕ್ರವಾರದ ನೀರು ಶುದ್ಧವೆಂದೇ ಬಂತು. ಶನಿವಾರ ನಲವತ್ತು ಮನೆಯವರೂ ಕೊಡ ಹಿಡಿದು ಬಾವಿಯ ಸುತ್ತ ನೆರೆದಾಗ ಇಂಜಿನಿಯರಮ್ಮ, "ಇನ್ನೂ ಎರಡು ವಾರ ಬೀಗ ತೆಗೆಯೋಲ್ಲ" ಅಂದರು. ಯಾಕೆ ಎಂಬುದನ್ನು ಭಾವನೇ ಮುಂದೆ ಬಂದು ಹೇಳಿದರು.

"ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದೆಯಲ್ಲೋ!" ಅಂತ ನಮ್ಮ ಬೀದಿಯ ದರ್ಜಿ ಕೂಗಿದ. "ಆವತ್ತು ಸುರಿದವನೂ ಇವನೇ, ಇವತ್ತು ತಳ್ಳಿದವನೂ ಇವನೇ" ಅಂತ ಹಿಂದಿನಿಂದ ಯಾರೋ ಅಂದರು. ಯಾರೋ ಸುತ್ತಿಗೆ ತಂದರು. ಭಾವ ಮುಚ್ಚಳದ ಮೇಲೆ ಕೂತುಬಿಟ್ಟರು. "ಒಡೆಯೋದಾದ್ರೆ ಮೊದಲು ನನ್ನ ಮಂಡಿ ಒಡೀರಿ" ಅಂದರು. ಅಕ್ಕ ಓಡಿ ಬಂದು ಪಕ್ಕದಲ್ಲಿ ಕೂತಳು. ನಾನು ಕೊಡ ಹಿಡಿದು ಗುಂಪಿನ ಜೊತೆಗೇ ನಿಂತಿದ್ದೆ.

ಹತ್ತು ದಿನ ಅವರ ಮನೆಯ ಹೊಸ್ತಿಲು ತುಳಿಯಲಿಲ್ಲ. ಹನ್ನೊಂದನೆಯ ದಿನ ಇಂಜಿನಿಯರಮ್ಮ ಬಾವಿಯಿಂದ ತೆಗೆದ ಬಾಟಲಿ ನೀರಿನ ಫಲಿತಾಂಶ ಬಂತು. ಅಷ್ಟು ಎಳೆದರೂ ತಪ್ಪಿಸಿಕೊಂಡ ವಿಷ ಬಾವಿಯಲ್ಲಿತ್ತು, ಕುಡಿಯಬಹುದಾದ ಮಿತಿಯ ಆರು ಪಟ್ಟು. ಇನ್ನೊಂದು ವರ್ಷ ಬೀಗವೇ. ಸುಳ್ಳು ಅಂಕಿ ಬರೆದದ್ದಕ್ಕೆ ಭಾವನನ್ನು ಪಂಪಿನ ಕೆಲಸದಿಂದ ಬಿಡಿಸಿದರು, ಅದು ನ್ಯಾಯವೇ. ಕುಡಿಯದೆ ಬಚಾವಾದೆವು ಅಂತ ಬೀದಿಯಲ್ಲಿ ಒಬ್ಬರೂ ಬಾಯಿಬಿಡಲಿಲ್ಲ.

ನನಗೆ ಮಾತ್ರ ಸೊಸೆಯ ಹೊಟ್ಟೆ ಕಂಡಾಗಲೆಲ್ಲ ಆವತ್ತು ಆಡಿದ ಮಾತೇ ನೆನಪಾಗುತ್ತಿತ್ತು. ತಡೆಯಲಾರದೆ ಅಕ್ಕನ ಮನೆಗೆ ಹೋದೆ. ಭಾವ ಯಾರದೋ ಹಳೇ ಮೋಟಾರು ಬಿಚ್ಚಿಕೊಂಡು ಕೂತಿದ್ದರು.

"ಭಾವ, 'ಸುಮ್ನಿರಿ' ಅಂದವಳು ನಾನು. ಆ ನೀರು ಮೊದಲು ಕುಡೀತಿದ್ದದ್ದು ನನ್ನ ಸೊಸೆ" ಅಂದೆ. ಅಷ್ಟಕ್ಕೇ ಅಳು ಬಂತು.

ಅವರು ಕೈ ಒರೆಸಿಕೊಂಡರು. "ಅಳಬೇಡ. ಆವತ್ತು ನಿನ್ನ ಹತ್ರಾನೇ ಯಾಕೆ ಬಂದೆ ಗೊತ್ತಾ? ನಿಮ್ಮಕ್ಕನ ಹತ್ರ ಹೋಗಿದ್ರೆ 'ಹೋಗಿ ಹೇಳಿ' ಅಂತಿದ್ಳು. ನೀನು 'ಸುಮ್ನಿರಿ' ಅಂತೀಯ ಅಂತ ಗೊತ್ತಿತ್ತು. ಅದನ್ನ ಕೇಳೋಕೇ ಬಂದಿದ್ದೆ. ನೀನೂ ಅದನ್ನೇ ಅಂದೆ."

"ಮತ್ತೆ?"

"ನಾನು ಮನಸ್ಸಲ್ಲಿ ಅಂದ್ಕೊಂಡಾಗ ಅದು ಅಷ್ಟು ಕೆಟ್ಟದಾಗಿ ಕೇಳಿಸಿರ್ಲಿಲ್ಲಮ್ಮಾ. ನಿನ್ನ ಬಾಯಿಂದ ಕಿವಿಗೆ ಬಿದ್ದಾಗ್ಲೇ ಗೊತ್ತಾಯ್ತು" ಅಂದರು.