ಕೆಮ್ಮದೆ ನಡೆದವನ ಹಿಂದೆ

ಮಲ್ಲವ್ವನ ಬಾಯಿಗೆ ಮುಂಬಯಿ ಪರಳದ ಇಡೀ ಚಾಳು ಹೆದರುತ್ತಿತ್ತು. ಗಿರಣಿ ಹರತಾಳದಲ್ಲಿ ಸೆರಗು ಸೊಂಟಕ್ಕೆ ಬಿಗಿದು, ಲಾಠಿಯ ಮುಂದೆ ನಿಂತು, ಫೌಜದಾರನ ಏಳು ತಲೆಮಾರು ಜಾಲಾಡಿದ ಹೆಂಗಸು. ಆದರೆ ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಗಂಡನ ಹೆಸರು ಒಮ್ಮೆಯೂ ಅವಳ ನಾಲಿಗೆಗೆ ಬಂದಿರಲಿಲ್ಲ. ರೇಷನ್ ಕಚೇರಿಯಲ್ಲಿ ಗುಮಾಸ್ತ ಕೇಳಿದರೆ ನೆರೆಮನೆಯ ಅಂಬವ್ವನ ಪಕ್ಕೆಗೆ ತಿವಿಯುವಳು. ಅಂಬವ್ವ "ಶಂಕ್ರೆಪ್ಪ" ಅನ್ನುವಳು. ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ವಿಜಾಪುರದಿಂದ ಹೊರಡುವಾಗ ಅವಳವ್ವ ಹೇಳಿ ಕಳಿಸಿದ್ದಳು. ತವರಿನ ಉಳಿದ ಬುದ್ಧಿಮಾತನ್ನೆಲ್ಲ ಮಲ್ಲವ್ವ ಮುಂಬಯಿಯ ಗಟಾರಕ್ಕೆ ಹಾಕಿದ್ದಳು, ಇದೊಂದನ್ನು ಬಿಟ್ಟು.

ಕಡಿಮೆ ಮಾಡಲು ಆಯುಷ್ಯವಾದರೂ ಎಷ್ಟಿತ್ತು? ಗಿರಣಿಯ ಹತ್ತಿ ಬಿಡಿಸುವ ಖಾತೆಯಲ್ಲಿ ಹದಿನೆಂಟು ವರ್ಷ ಧೂಳು ನುಂಗಿ ಶಂಕ್ರೆಪ್ಪನ ಎದೆ ತೂತುಬಿದ್ದ ತಿದಿಯಂತಾಗಿತ್ತು. ಹತ್ತು ಹೆಜ್ಜೆಗೊಂದು ಕೆಮ್ಮು. ಡಾಕ್ಟರು ಬೀಡಿ ಬಿಡು ಎಂದರು. ಬೀಡಿ ಬಿಟ್ಟ, ಕೆಮ್ಮು ಬಿಡಲಿಲ್ಲ. ಕಡೆಗೆ ಮಲ್ಲವ್ವ ಹರಕೆ ಹೊತ್ತಳು: ಇಬ್ಬರೂ ಬರಿಗಾಲಲ್ಲಿ ವಜ್ರೇಶ್ವರಿಗೆ ನಡೆದು ಬರುತ್ತೇವೆ, ತಾಯಿ ಈ ಕೆಮ್ಮು ತೆಗೆದುಬಿಡಲಿ. ಮೂರು ದಿನದ ಹಾದಿ. ಐವತ್ತೇಳರ ಜನವರಿಯಲ್ಲಿ ಹೊರಟರು. ಮೊದಲ ದಿನ ಸಾಂತಾಕ್ರೂಜ್, ಅಂಧೇರಿ ದಾಟಿ ಬೊರಿವಲಿಯ ಒಂದು ಗುಡಿಯ ಕಟ್ಟೆಯ ಮೇಲೆ ಮಲಗಿದರು.

ಎರಡನೆಯ ದಿನ ಬೆಳಗಾದರೂ ಬೆಳಕಾಗಲಿಲ್ಲ. ಅಂಥ ಮಂಜು. ದಹಿಸರದಾಚೆಯ ಚಹಾದಂಗಡಿಯಲ್ಲಿ ಉಡುಪಿ ಕಡೆಯ ಅಂಗಾರನೆಂಬ ಹುಡುಗ ಇಬ್ಬರ ಕಾಲು ನೋಡಿ ಲೊಚಗುಟ್ಟಿದ.

"ಉಪ್ಪಿನಗದ್ದೆ ಮೇಲೆ ಹೋಗುದಾ ಅಕ್ಕ? ಉಪ್ಪಿನ ರಾಶಿ ಇರುವ ಕಟ್ಟೆ ಬಿಡ್ಬೇಡಿ. ರಾಶಿ ಇಲ್ಲದ ಕಟ್ಟೆ ಸೀದಾ ಖಾಡಿಗೆ, ಸಮುದ್ರದ ಹಿನ್ನೀರಿಗೆ ಹೋಗ್ತದೆ. ಈಗ ನೀರು ಏರುವ ಹೊತ್ತು. ಕೆಸರಲ್ಲಿ ಕಾಲು ಹೂತರೆ ಮತ್ತೆ ತೆಗೀಲಿಕ್ಕೆ ಆಗುದಿಲ್ಲ."

"ಇಕಿ ಬಾಯಿಗೆ ಖಾಡಿನೂ ಹಿಂದ ಸರೀತೈತಿ ತಮ್ಮಾ," ಎಂದ ಶಂಕ್ರೆಪ್ಪ.

"ಮದ್ಲ ನೀವು ಕಂಬಳಿ ಹೊದಕೋರಿ. ಆಮ್ಯಾಲೆ ನಗೀರಂತ."

ಉಪ್ಪಿನಗದ್ದೆಯ ಕಟ್ಟೆ ಏರಿದರು. ಒಣಹುಲ್ಲು ಹೊದಿಸಿದ ಉಪ್ಪಿನ ರಾಶಿಗಳು ಮಂಜಿನಲ್ಲಿ ಮುಸುಕು ಹಾಕಿ ಕುಕ್ಕರಗಾಲಲ್ಲಿ ಕೂತ ಮುದುಕಿಯರಂತೆ ಕಾಣುತ್ತಿದ್ದವು. ಒಂದು ಹಕ್ಕಿಯ ಸದ್ದಿಲ್ಲ. ಗಂಡ ಮುಂದೆ, ಹೆಂಡತಿ ಹಿಂದೆ. ಅಂಗಾಲಿನ ಒಡೆದ ಬೊಕ್ಕೆಗೆ ಬಟ್ಟೆ ಸುತ್ತಲು ಮಲ್ಲವ್ವ ಒಂದು ಗಳಿಗೆ ಕೂತಳು. ಎದ್ದು ನೋಡಿದರೆ ಕರಿ ಕಂಬಳಿಯ ಬೆನ್ನು ಇಪ್ಪತ್ತು ಮಾರು ಮುಂದೆ ಹೋಗುತ್ತಿತ್ತು. ಬೆನ್ನು ಹತ್ತಿದಳು.

ಸ್ವಲ್ಪ ದೂರ ಹೋದ ಮೇಲೆ ಗಮನಿಸಿದಳು: ಕೆಮ್ಮಿಲ್ಲ. ಹೆಜ್ಜೆ ಎಣಿಸಿದಳು. ಹತ್ತಾಯಿತು, ಐವತ್ತಾಯಿತು, ನೂರಾಯಿತು. ಕೆಮ್ಮಿಲ್ಲ. ನಡೆಯುತ್ತಲೇ ಕೈಮುಗಿದಳು. "ತಾಯೀ, ಇನ್ನೂ ಅರ್ಧ ದಾರಿ ಆಗಿಲ್ಲ, ಆಗಲೇ ಕೇಳಿದ್ಯಲ್ಲ!"

"ಏನ್ರೀ, ಎದಿ ಹಗುರಾತೇನ್ರೀ?"

ಅವನು ತಿರುಗಲಿಲ್ಲ. ಕೈ ಮಾತ್ರ ಎತ್ತಿ, ಬಾ ಎಂಬಂತೆ ಆಡಿಸಿದ. ಮಲ್ಲವ್ವ ಖುಷಿಯಲ್ಲಿ ಬಿರಬಿರನೆ ನಡೆದಳು. ಎಷ್ಟು ನಡೆದರೂ ನಡುವಿನ ಇಪ್ಪತ್ತು ಮಾರು ಹಾಗೇ ಉಳಿಯಿತು.

ಕಾಲಿಗೆ ಸುತ್ತಿದ ಬಟ್ಟೆ ಒದ್ದೆಯಾದಾಗ ಕೆಳಗೆ ನೋಡಿದಳು. ಹಿಮ್ಮಡಿಯ ತನಕ ನೀರು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಒಂದೂ ಉಪ್ಪಿನ ರಾಶಿಯಿಲ್ಲ. ನೀರು ಎರಡೂ ಕಡೆಯಿಂದ, ಸದ್ದಿಲ್ಲದೆ, ಕಟ್ಟೆಯ ಮೇಲೆ ಏರುತ್ತಿತ್ತು.

"ರೀ! ದಾರಿ ತಪ್ಪೇತ್ರೀ! ನಿಲ್ರಿ!"

ಅವನು ನಿಲ್ಲಲಿಲ್ಲ. ನೀರಿನಲ್ಲಿ ನಡೆದರೂ ಸದ್ದಾಗುತ್ತಿರಲಿಲ್ಲ. ಮತ್ತೆ ಕೈ ಎತ್ತಿ ಕರೆದ. ಆಗ ಮಲ್ಲವ್ವ ನಡೆಯುವುದನ್ನು ನಿಲ್ಲಿಸಿದಳು. 'ರೀ' ಅಂದರೆ ಯಾರು ಬೇಕಾದರೂ ಓಗೊಡಬಹುದು. ಲೋಕದ ಗಂಡಸರೆಲ್ಲ ಒಬ್ಬಳಲ್ಲ ಒಬ್ಬಳಿಗೆ 'ರೀ'. ಇವನು ತನ್ನವನು ಹೌದೋ ಅಲ್ಲವೋ ತಿಳಿಯಬೇಕಾದರೆ ಹೆಸರು ಹಿಡಿದೇ ಕರೆಯಬೇಕು. ಯಾರ ಆಯುಷ್ಯ ಬೇಡಲು ಹೊರಟಿದ್ದಳೋ ಅದನ್ನು ತನ್ನ ಬಾಯಿಂದಲೇ ಕತ್ತರಿಸಬೇಕು. ನೀರು ಮೀನಖಂಡಕ್ಕೆ ಬರುವ ತನಕ ತುಟಿ ಕಚ್ಚಿ ನಿಂತಳು. ಹೂತ ಕಾಲು ಅಲುಗಿಸಿದಳು, ಕೆಸರು ಹೀರುತ್ತಿತ್ತು.

ಮೋರ್ಚಾದಲ್ಲಿ ಘೋಷಣೆ ಕೂಗುವ ಗಂಟಲಲ್ಲೇ ಕೂಗಿದಳು.

"ಶಂಕ್ರೆಪ್ಪಾ!"

"ಓ" ಎಂದಿತು ಮುಂದಿನ ಕಂಬಳಿ. ತಿರುಗದೆ. ನುಣ್ಣಗಿನ, ಗಟ್ಟಿಯಾದ ದನಿ. ಮದುವೆಯ ವರ್ಷ ಶಂಕ್ರೆಪ್ಪನಿಗೆ ಇದ್ದ ದನಿ.

ಬೆನ್ನ ಹಿಂದೆ ಬಲು ದೂರದಲ್ಲಿ, ಮೊದಲು ಕೆಮ್ಮು ಕೇಳಿತು. ಕರುಳು ಕಿತ್ತು ಬರುವಂಥ ಕೆಮ್ಮು. ಅದರ ಹಿಂದೆಯೇ, "ಓ... ಎಲ್ಲಿ ಸತ್ತೀಯಬೇ?"

ಮಲ್ಲವ್ವ ಕೈಯೂರಿ ಕಾಲು ಕಿತ್ತಳು. ಕೆಮ್ಮು ಕೇಳಿದ ದಿಕ್ಕಿಗೆ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಮುಂದಿದ್ದವನು ಇನ್ನೆರಡು ಸಲ "ಓ, ಓ" ಎಂದ, ಪ್ರೀತಿಯಿಂದ. ಅವಳು ತಿರುಗಲಿಲ್ಲ.

ಶಂಕ್ರೆಪ್ಪ ಉಪ್ಪಿನ ರಾಶಿಗೆ ಒರಗಿ ಕೂತಿದ್ದ. "ಕೆಮ್ಮು ಒತ್ತರಿಸಿ ಬಂತು, ಬಾಯಿಗೆ ಕಂಬಳಿ ಒತ್ತಿ ಇದರ ಹಿಂದ ಕುಂತೆ. ಎದ್ದು ನೋಡತೀನಿ, ನೀ ಇಲ್ಲ. ಯಾರ ಬೆನ್ನ ಹತ್ತಿದ್ದೆಬೇ?"

ಅವಳು ಕೂತು ಮೈಯ ಕೆಸರು ಕೆರೆದಳು.

"ನನ್ನ ಹೆಸರ ಹಿಡದು ಕರದೆಲ್ಲ?"

"ಕರದೆ."

"ಆತು ಬಿಡು. ಇನ್ನ ನನಗ ಸಾಯಾಕ ಅಡ್ಡಿಯಿಲ್ಲ." ನಕ್ಕ, ಕೆಮ್ಮಿದ. ರಾಶಿ ಹಿಡಿದು ಎದ್ದ. "ಏಳು, ಘೋಡಬಂದರದಾಗ ಖಾಡಿ ದಾಟೋ ಹೋಡಿ ತಪ್ಪೀತು."

"ನಾ ಬರಾಂಗಿಲ್ಲ. ಕೆಮ್ಮಿಲ್ಲದ ಗಂಡನ್ನ ಕೇಳಿದ್ದೆ. ಆ ತಾಯಿ ಕೊಟ್ಟಳು. ನಾನ ಒಲ್ಲೆ ಅಂತ ಓಡಿಬಂದೆ. ಇನ್ನ ಯಾವ ಮಾರಿ ಹೊತಗೊಂಡ ಆಕಿ ಮುಂದ ನಿಂದರಲಿ?"

ಶಂಕ್ರೆಪ್ಪನಿಗೆ ಮಾತಿನ ತುದಿ ಬುಡ ತಿಳಿಯಲಿಲ್ಲ. ಆದರೆ ಹರಕೆ ಬಿಟ್ಟು ತಿರುಗುವ ಹೆಂಗಸು ಇವಳಲ್ಲವೆಂದು ಗೊತ್ತಿದ್ದರಿಂದ ಹೆದರಿದ. ಅವಳ ಜೊತೆ ಬಂದ ದಾರಿಗೇ ತಿರುಗಿದ.

ಬೊರಿವಲಿಯಲ್ಲಿ ಲೋಕಲ್ ಹತ್ತಿದರು. ಅವನು ಕೆಮ್ಮಿದಾಗೆಲ್ಲ ಎದುರಿನವರು ಮೋರೆ ತಿರುಗಿಸಿದರು, ಒಬ್ಬ ಎದ್ದೇ ಹೋದ. ಮಲ್ಲವ್ವ ಖಾಲಿಯಾದ ಜಾಗಕ್ಕೆ ಸರಿಯಲಿಲ್ಲ. ಗಂಡನ ತೋಳಿಗೆ ತೋಳು ಒತ್ತಿ, ಮಂಜು ತುಂಬಿದ ಕಿಟಕಿಗೆ ಬೆನ್ನು ಹಾಕಿ ಕೂತಳು.