ಗೆರೆ ದಾಟದ ಗುರುಮಲ್ಲಪ್ಪನವರು

ಗುರುಮಲ್ಲಪ್ಪನವರು ಎಲ್ಲಿ ಹೋದರೂ ಅಂಚನ್ನೇ ಹಿಡಿಯುತ್ತಿದ್ದರು. ರಸ್ತೆಯಲ್ಲಿ ಚರಂಡಿಯ ಚಪ್ಪಡಿ ಮೇಲೆಯೇ ಅವರ ನಡಿಗೆ. ಮದುವೆಯೂಟಕ್ಕೆ ಸಾಲಿನ ಕೊನೆಯ ಎಲೆಯೇ ಆಗಬೇಕು. ಮಧ್ಯಕ್ಕೆ ಕರೆದರೆ, “ಅಲ್ಲಿ ಕೂತೋನಿಗೆ ಎರಡು ಕಡೆಯಿಂದ್ಲೂ ಮೊಣಕೈ ಕಣಯ್ಯ, ಇಲ್ಲಿ ಒಂದೇ ಕಡೆ” ಎನ್ನುತ್ತಿದ್ದರು.

ಹರೆಯದಿಂದ ಮಂಡಿ ಸವೆಯುವವರೆಗೆ ಬೆಂಗಳೂರಿನ ಕಾರ್ಖಾನೆಯೊಂದರ ಫುಟ್‌ಬಾಲ್ ತಂಡದಲ್ಲಿ ಅವರು ರೈಟ್ ವಿಂಗರ್. ಮೈದಾನದ ಬಲ ಅಂಚಿನ ಸುಣ್ಣದ ಗೆರೆಯ ಪಕ್ಕದಲ್ಲೇ ಓಡಿ ವರ್ಷಗಳನ್ನು ಕಳೆದವರು. ತೊಂಬತ್ತರ ದಶಕದಲ್ಲಿ ತಾವು ಹುಟ್ಟಿ ಬೆಳೆದ ಬಡಾವಣೆ ಅಶೋಕಪುರಂಗೆ ಮರಳಿ ಬಂದು, ನಾನು ಆಡುತ್ತಿದ್ದ ಅಲ್ಲಿನ ಕ್ಲಬ್ಬಿಗೆ ಕೋಚ್ ಆದರು. ಅವರ ಪಾಠ ಒಂದೇ: “ಗೆರೆ ಮುಗಿಯೋ ತಂಕ ಓಡು. ಆಮೇಲೆ ತಲೆ ಎತ್ತು, ನಮ್ಮೋನು ಎಲ್ಲವ್ನೆ ನೋಡು.” ಒಳಗಿದ್ದವರಿಗೆ ಬೇರೆ ಬೈಗುಳ: “ಕೈ ಎತ್ರೋ! ಓಡ್ ಬಂದೋನಿಗೆ ನೀವು ಅಲ್ಲಿದ್ದೀರಿ ಅಂತ ಎಂಗೆ ಗೊತ್ತಾಗ್‌ಬೇಕು?”

ಪಂದ್ಯ ನಡೆಯುವಾಗ ಅವರು ಗೆರೆಯಾಚೆ ನಿಂತು ಕೂಗುತ್ತಿದ್ದರು, ಆದರೆ ಒಂದು ಹೆಜ್ಜೆಯನ್ನೂ ಒಳಗಿಡುತ್ತಿರಲಿಲ್ಲ. ಒಮ್ಮೆ ಗಾಳಿಗೆ ಅವರ ಟೋಪಿ ಒಳಕ್ಕೆ ಹಾರಿತ್ತು. ಹತ್ತಿರದಲ್ಲೇ ಬಿದ್ದಿದ್ದರೂ ಮಧ್ಯಂತರದವರೆಗೆ ಬಿಸಿಲಲ್ಲಿ ಬರಿದಲೆಯಲ್ಲಿ ನಿಂತರು. “ಈಗ ಅದು ಆಡೋರ ಜಾಗ ಕಣ್ರೀ” ಎಂದರು.

ಮುಂದೊಮ್ಮೆ ಒಂದು ಕಪ್ ಪಂದ್ಯದ ದಿನ ನಾನು ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ನಾನಾಗ ಬ್ಯಾಂಕ್ ಕೆಲಸಕ್ಕೆ ಸೇರಿ, ಹೊಟ್ಟೆ ಬಂದು, ಆದರೂ ಬಲಬದಿಯ ಡಿಫೆಂಡರ್ ಆಗಿ ಆಡುತ್ತಿದ್ದೆ. ಮೊದಲು ಅವರ ಕೂಗು ನಿಂತಿತು. ತಿರುಗಿ ನೋಡಿದೆ. ಚೆಂಡು ಆಟದಲ್ಲಿರುವಾಗಲೇ ಅವರು ಗೆರೆ ದಾಟಿದ್ದರು. ಎಡಗೈಯನ್ನು ಎದೆಗೆ ಒತ್ತಿಕೊಂಡು, ನೆಟ್ಟಗೆ ನನ್ನ ಕಡೆಗೆ ನಡೆದು ಬರುತ್ತಿದ್ದರು.

“ಅಜ್ಜ ಆಡಕ್ಕೆ ಬಂದ್ಬುಟ್ಟ ಕಣ್ರೋ!” ಎಂದು ಯಾರೋ ಕೂಗಿದರು, ಜನ ನಕ್ಕರು. ರೆಫ್ರಿ ಸಿಟ್ಟಿನಿಂದ ಕೈ ಬೀಸಿ ಆಚೆ ಹೋಗುವಂತೆ ತೋರಿಸಿದರು. ನನಗೆ ನಗು ಬರಲಿಲ್ಲ. ಟೋಪಿಗಾಗಿ ಗೆರೆ ದಾಟದ ಮನುಷ್ಯ ಸುಮ್ಮನೆ ದಾಟುವುದಿಲ್ಲ. ನನ್ನ ಕಾಲಿಗೆ ಬಂದ ಚೆಂಡನ್ನು ಬಿಟ್ಟು ಓಡಿದೆ. ಅವರು ಬೀಳುವಷ್ಟರಲ್ಲಿ ನನ್ನ ಕೈ ಅವರ ಕಂಕುಳಲ್ಲಿತ್ತು. ಹಿಂದೆ ಎದುರಾಳಿಗಳು ಗೋಲು ಹೊಡೆದ ಸದ್ದು ಕೇಳಿತು. ಆಟೋದಲ್ಲಿ ಅವರ ತಲೆ ನನ್ನ ತೊಡೆಯ ಮೇಲೆ, ಅಂಗಿಯಿಡೀ ಒದ್ದೆ. ಉಸಿರು ಇದೆಯೇ ಎಂದು ಮತ್ತೆ ಮತ್ತೆ ಮೂಗಿನ ಬಳಿ ಕೈ ಹಿಡಿಯುತ್ತಿದ್ದೆ.

ಹೃದಯಾಘಾತ. “ಬೇಗ ಕರ್ಕೊಂಡು ಬಂದ್ರಿ, ಪ್ರಾಣಾಪಾಯ ಇಲ್ಲ” ಎಂದು ಡಾಕ್ಟರು ಹೇಳಿದ ಮೇಲೆ ನಾನು ಹೊರಗೆ ಬಂದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆಗಲೂ ಕಾಲಲ್ಲಿ ಬೂಟು ಹಾಗೆಯೇ ಇತ್ತು.

ಮಾತಾಡಲು ಬಿಟ್ಟ ದಿನ ಅವರು ಮೊದಲು ಬೈದರು. “ಬಾಲ್ ಯಾಕಯ್ಯ ಬುಟ್ಟೆ?”

“ನಿಮ್ಮನ್ನ ನೋಡ್ದೆ ಸಾರ್.”

“ಕೋಚ್ ಬದುಕ್ದ ಅಂತ ಕಪ್ ಕೊಡ್ತಾರಾ?”

“ನೀವ್ಯಾಕೆ ಒಳಗೆ ಬಂದ್ರಿ?”

ಅವರು ಹೊದಿಕೆಯ ಅಂಚನ್ನು ಬೆರಳಿಂದ ಸರಿಪಡಿಸಿದರು. “ಗೆರೆ ಮುಗೀತು ಅನ್ನಿಸ್ತು ಕಣಯ್ಯ. ತಲೆ ಎತ್ತಿದೆ. ನೀನು ಕಂಡೆ.”

ಆಮೇಲೂ ಅವರು ಕೆಲವು ವರ್ಷ ಮೈದಾನಕ್ಕೆ ಬಂದರು. ಡಾಕ್ಟರು ಕೂಗಬಾರದು ಎಂದಿದ್ದರಿಂದ ಕೋಲನ್ನು ನೆಲಕ್ಕೆ ಕುಟ್ಟುತ್ತಿದ್ದರು, ಅದು ಬೈಗುಳಕ್ಕಿಂತ ಜೋರಾಗಿ ಕೇಳುತ್ತಿತ್ತು. ಕೋಚ್ ಕೆಲಸ ನನ್ನ ಪಾಲಿಗೆ ಬಂತು. ಹಾಸನದ ಮಗಳ ಮನೆಗೆ ಹೊರಡುವ ಹಿಂದಿನ ಸಂಜೆಯೂ ಬಂದಿದ್ದರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಹಾಸನದಲ್ಲೇ ನಿದ್ದೆಯಲ್ಲಿ ಹೋದರೆಂದು ಮುಂದೆ ಸುದ್ದಿ ಬಂದಾಗ, ದುಃಖದ ಜೊತೆಗೆ ಒಂದು ನೆಮ್ಮದಿಯೂ ಆಯಿತು.

ಅವರು ಕೊನೆಯ ಸಲ ಬಂದ ಆ ಸಂಜೆ ಹುಡುಗರ ಆಟ ನಡೆದಿತ್ತು. ಹೊರಹೋಗುವ ಗೇಟು ಮೈದಾನದ ಎದುರುಗಡೆ. ಅಡ್ಡ ಹಾಯ್ದರೆ ಹತ್ತಿರ. ಅವರು ಕೋಲೂರಿಕೊಂಡು ಗೆರೆಯಾಚೆಯೇ ಸುತ್ತು ಹಾಕಿ ನಿಧಾನವಾಗಿ ನಡೆದರು. ಮೂಲೆಯ ಬಾವುಟದ ಹತ್ತಿರ, ಗೆರೆ ಮುಗಿಯುವಲ್ಲಿ, ನಿಂತು ತಲೆ ಎತ್ತಿದರು.

ನಾನು ಕೈ ಎತ್ತಿದೆ.