ಸುರಂಗದೊಳಗೆ ಕೂತು ಸುರಂಗ ಮುಚ್ಚಿದ್ದು

ನಾನು ಓದು ನಿಲ್ಲಿಸಿದ್ದು ೧೯೯೩ರಲ್ಲಿ, ಒಂಬತ್ತನೇ ತರಗತಿಯ ಅರ್ಧಕ್ಕೆ. ನಾಚಿಕೆಯಿಂದ ಹೇಳುತ್ತಿಲ್ಲ. ಪೀಣ್ಯದಲ್ಲಿ ಲೇತ್ ಓಡಿಸುತ್ತ, ಆಫೀಸಿನ ಕೆಟ್ಟ ಕಂಪ್ಯೂಟರ್ ಬಿಚ್ಚಿ ಜೋಡಿಸುತ್ತ ಲಿನಕ್ಸ್ ಕಲಿತವನು ನಾನು. ಕಾರ್ಖಾನೆಗೂ ಅದರ ದೂರದ ಆಫೀಸಿಗೂ ನಡುವೆ, ಇಂಟರ್ನೆಟ್ಟಿನೊಳಗೇ ಒಂದು ಗುಟ್ಟಿನ ಸುರಂಗ ತೋಡಿಕೊಡುವುದು ನನ್ನ ಕಸುಬು. ವಿಪಿಎನ್ ಎಂದರೆ ಅಷ್ಟೇ.

ಒಂದೊಂದು ಬಗೆಯ ಸುರಂಗಕ್ಕೂ ಒಂದೊಂದು ಸ್ವಭಾವವಿದೆ. ಐಪಿಸೆಕ್ ನಟ್ಟು–ಬೋಲ್ಟಿನಂಥದು. ಎರಡೂ ಕಡೆಯ ಥ್ರೆಡ್ ಕೂದಲೆಳೆ ತಪ್ಪಿದರೂ ಕೂರುವುದಿಲ್ಲ, ಯಾಕೆಂದೂ ಬಾಯಿಬಿಡುವುದಿಲ್ಲ. ಕೂತರೆ ಮಾತ್ರ ವರ್ಷಗಟ್ಟಲೆ ಅಲುಗದು. ಓಪನ್‌ವಿಪಿಎನ್ ಲಗೇಜ್ ಆಟೋ: ನಿಧಾನ, ಆದರೆ ಎಂಥ ಸಂದಿಯಲ್ಲೂ ನುಗ್ಗಿ ಸರಕು ಮುಟ್ಟಿಸುತ್ತದೆ. ಈ ಕಥೆ ನಡೆದಾಗ ಆಗಷ್ಟೇ ಬಂದಿದ್ದ ವೈರ್‌ಗಾರ್ಡ್ ಚುರುಕು, ಮಾತು ಕಡಿಮೆ. ಗುರುತಿನ ಕೀಲಿ ಇಲ್ಲದವರು ಬಾಗಿಲು ಬಡಿದರೆ ಮನೆಯಲ್ಲಿ ಯಾರೂ ಇಲ್ಲವೆಂಬಂತೆ ಸುಮ್ಮನಿರುತ್ತದೆ.

ಇಷ್ಟು ತಿಳಿದವನು ಒಂದು ಶನಿವಾರ ಏನು ಮಾಡಿದೆ ಗೊತ್ತೇ? ಪೀಣ್ಯದ ಒಂದು ಕಾರ್ಖಾನೆಯ ಮಾಲೀಕರು ನಂಜುಂಡಪ್ಪನವರು ಬೆಳಿಗ್ಗೆಯೇ ಎಚ್ಚರಿಸಿದ್ದರು: "ಡಿಗ್ರಿ ಇರೋರ್ನ ಕರೀರಿ ಅಂತ ಮನೇಲೆಲ್ಲ ಹೇಳ್ತಾವ್ರೆ ಕಣ್ರೀ. ಮೂರು ಗಂಟೆಗೆ ಎಲೆಕ್ಟ್ರಾನಿಕ್ ಸಿಟಿ ಆಫೀಸಿಂದ ಪಾರ್ಟಿನ ಡ್ರಾಯಿಂಗ್ ಬರ್ಬೇಕು. ಬರ್ಲಿಲ್ಲ ಅಂದ್ರೆ ಆಮೇಲೆ ನನ್ನ ಬೈಕೋಬೇಡಿ."

ಹಳೆಯ ಸುರಂಗ ತೆಗೆದು ವೈರ್‌ಗಾರ್ಡ್ ಹಾಕುವುದು ಅಂದಿನ ಕೆಲಸ. ನಾನು ಊರಿನ ಇನ್ನೊಂದು ತುದಿಯ ಸಿಂಗಸಂದ್ರದ ಮನೆಯಲ್ಲಿ ಕೂತು, ಓಪನ್‌ವಿಪಿಎನ್ ಸುರಂಗದ ಮೂಲಕವೇ ಪೀಣ್ಯದ ಕಂಪ್ಯೂಟರಿನೊಳಗೆ ಹೋಗಿ, ವೈರ್‌ಗಾರ್ಡ್ ಏಳುವ ಮೊದಲೇ ಆ ಹಳೆಯದನ್ನು ನಿಲ್ಲಿಸಿಬಿಟ್ಟೆ. ಪರದೆ ಕಲ್ಲಾಯಿತು. ಡ್ರಾಯಿಂಗೂ ಹೊರಗೆ, ನಾನೂ ಹೊರಗೆ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಪೀಣ್ಯ ಮುಟ್ಟುವಷ್ಟರಲ್ಲಿ ಮೂರಲ್ಲ, ಐದಾಗುತ್ತದೆ. ಇನ್ನೊಬ್ಬರ ಸಹಾಯ ಕೇಳುವುದೆಂದರೆ ನನಗೆ ಹಲ್ಲು ಕೀಳಿಸಿಕೊಂಡಂತೆ. ಆದರೂ ಅಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಗದಗಿನ ರೇಣುಕವ್ವನಿಗೆ ಫೋನ್ ಮಾಡಿ ನನ್ನ ಪಾಡು ಹೇಳಿದೆ.

"ಏನ್ ಅಣ್ಣಾರ, ಹೊರಗ ನಿಂತು ಒಳಗಿನ ಚಿಲಕ ಹಾಕೀರೇನು?"

"ಹಂಗೇ ಅನ್ಕೋ ಅಕ್ಕ. ನಾನು ಹೇಳಿದ್ದು ಒಂದೊಂದೇ ಅಕ್ಷರ ಒತ್ತು."

"ಪಾಸ್‌ವರ್ಡ್ ಕೇಳಾಕತ್ತೈತಿ."

ಯಾರಿಗೂ ಹೇಳಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವ ನಾನು, ಅದನ್ನು ಪ್ರೆಸ್ ಮಶೀನುಗಳ ಸದ್ದನ್ನು ಮೀರಿ ಮೂರು ಸಲ ಕೂಗಿದೆ. ಎರಡೂ ಮುಕ್ಕಾಲಿಗೆ ಹಳೆಯ ಸುರಂಗ ತೆರೆಯಿತು, ಡ್ರಾಯಿಂಗ್ ಪೀಣ್ಯ ಮುಟ್ಟಿತು. ಮೊದಲು ಪಾಸ್‌ವರ್ಡ್ ಬದಲಿಸಿದೆ. ಆಮೇಲೆ ನಂಜುಂಡಪ್ಪನವರಿಗೆ ನಾನೇ ಫೋನ್ ಮಾಡಿ ನಡೆದದ್ದು ಹೇಳಿದೆ.

"ಡಿಗ್ರಿಯವ್ರೂ ಹಿಂಗೇ ಮಾಡ್ತಾರೇನ್ರೀ?"

"ಮಾಡ್ತಾರೆ ಸಾರ್. ಹೇಳಲ್ಲ, ಅಷ್ಟೇ."

ಅವರು ನಕ್ಕರು, ಕೆಲಸ ಉಳಿಯಿತು. ಯಾವ ವಿಪಿಎನ್ ಒಳ್ಳೆಯದೆಂದು ಕೇಳುವವರಿಗೆ ಅಂದಿನಿಂದ ಎರಡು ಹಾಕಿಸಿ ಎನ್ನುತ್ತೇನೆ: ಓಡಾಟಕ್ಕೆ ವೈರ್‌ಗಾರ್ಡ್, ಆಪತ್ತಿಗೆ ಓಪನ್‌ವಿಪಿಎನ್.

ಈಗ ನನ್ನ ಕೈಯಲ್ಲಿ ಒಂಬತ್ತು ಕಾರ್ಖಾನೆಗಳಿವೆ, ಹದಿನೆಂಟು ಸುರಂಗಗಳಿವೆ, ಮತ್ತು ಕರೆದರೆ ಫೋನೆತ್ತುವ ರೇಣುಕವ್ವನಂಥ ಒಂಬತ್ತು ಜನ.